ಮನೆಯ ತೋಟ ಊರಿನದಾಗುವ ಬಗೆ

ಅಮೆರಿಕದ ಮಯಾಮಿ ನಗರದಲ್ಲಿ, ಬಿಸ್ಕೇನ್ ಕೊಲ್ಲಿಯ ದಂಡೆಯ ಮೇಲೆ ಸುಮಾರು ಒಂಬತ್ತು ಎಕರೆಯ ಹಣ್ಣಿನ ತೋಟವೊಂದಿದೆ. ಹೆಸರು ‘ಕಂಪಾಂಗ್’. ಅದಿರುವ ಕೋಕೋನಟ್ ಗ್ರೋವ್ ಬಡಾವಣೆಯಲ್ಲಿ ಅಡಿ ಅಡಿ ಜಾಗಕ್ಕೂ ಚಿನ್ನದ ಬೆಲೆ. ಆದರೂ ಅಲ್ಲಿ ಮರ ಕಡಿದು ಕಟ್ಟಡ ಎಬ್ಬಿಸಲು ಯಾರಿಗೂ ಆಗಿಲ್ಲ. ಅದು ಹೇಗೆ ಉಳಿಯಿತು ಎಂದು ತಿಳಿದರೆ, ತಾತ ನೆಟ್ಟ ತೋಪನ್ನು ಮುಂದೆ ಏನು ಮಾಡುವುದೆಂದು ಯೋಚಿಸುತ್ತಿರುವ ನಮ್ಮ ಎಷ್ಟೋ ಮನೆಗಳಿಗೆ ಉಪಯೋಗವಾದೀತು.

ಡೇವಿಡ್ ಫೇರ್‌ಚೈಲ್ಡ್ ಅಮೆರಿಕದ ಕೃಷಿ ಇಲಾಖೆಗಾಗಿ ದೇಶ ದೇಶ ಸುತ್ತಿ ಬೀಜ, ಸಸಿ ಕಲೆಹಾಕಿದ ಸಸ್ಯವಿಜ್ಞಾನಿ. ಪತ್ನಿ ಮರಿಯನ್, ಟೆಲಿಫೋನಿನ ಗ್ರಹಾಂ ಬೆಲ್ ಅವರ ಮಗಳು. ಇಬ್ಬರೂ 1916ರಲ್ಲಿ ಈ ಜಾಗ ಕೊಂಡು, ಹೊರಗಿನಿಂದ ತಂದ ಹಣ್ಣಿನ ಗಿಡಗಳನ್ನು ಮನೆಯ ಸುತ್ತ ಬೆಳೆಸಿದರು. ಇದೇ ಕೋಕೋನಟ್ ಗ್ರೋವ್‌ನಲ್ಲಿ ಕ್ಯಾಪ್ಟನ್ ಹೇಡನ್ ಎಂಬವರು 1902ರಲ್ಲಿ ಮಾವಿನ ಓಟೆಗಳನ್ನು ನೆಟ್ಟಿದ್ದರು. ಅವು ಇಂಡಿಯಾದಿಂದ 1889ರಲ್ಲಿ ನಮ್ಮ ಮಲಗೋವಾದ ಹೆಸರು ಹೊತ್ತು ಹೋಗಿದ್ದ ತಳಿಯವು. ಅದರಿಂದ ಹುಟ್ಟಿದ್ದೇ ‘ಹೇಡನ್’ ಮಾವು. ಇವತ್ತು ಜಗತ್ತಿನ ಸೂಪರ್ ಮಾರ್ಕೆಟ್‌ಗಳಲ್ಲಿ ಸಿಗುವ ‘ಟಾಮಿ ಆಟ್ಕಿನ್ಸ್’ ಅದರ ಸಂತಾನ. ಕೋಲಾರ ಸೀಮೆಯವರಿಗೆ ಚಿರಪರಿಚಿತವಾದ ಹೆಸರೊಂದು ಫ್ಲಾರಿಡಾದ ಮಾವಿನ ವಂಶಾವಳಿಯ ಬುಡದಲ್ಲಿದೆ ಎನ್ನುವುದು ನನಗಂತೂ ಹೆಮ್ಮೆಯ ಸಂಗತಿ.

ಫೇರ್‌ಚೈಲ್ಡ್ 1954ರಲ್ಲಿ, ಮರಿಯನ್ 1962ರಲ್ಲಿ ತೀರಿಕೊಂಡರು. ಇಂಥ ತೋಟಗಳು ಸಾಮಾನ್ಯವಾಗಿ ಸೈಟುಗಳಾಗುವುದು ಈ ಹಂತದಲ್ಲೇ. ಇಲ್ಲಿ ಹಾಗಾಗಲಿಲ್ಲ. 1963ರಲ್ಲಿ ಕ್ಯಾಥರೀನ್ ಸ್ವೀನಿ ಮತ್ತು ಅವರ ಪತಿ ತೋಟವನ್ನು ಕೊಂಡರು. ಎರಡು ದಶಕ ಅದನ್ನು ಕಾಪಾಡಿದ ಮೇಲೆ, 1984ರಲ್ಲಿ ಕ್ಯಾಥರೀನ್ ಅದನ್ನು ಇಂದು ನ್ಯಾಷನಲ್ ಟ್ರಾಪಿಕಲ್ ಬೊಟಾನಿಕಲ್ ಗಾರ್ಡನ್ ಎಂದು ಕರೆಯುವ, ಲಾಭದ ಉದ್ದೇಶವಿಲ್ಲದ ಸಂಸ್ಥೆಗೆ ಒಪ್ಪಿಸಿದರು. ಸಂಸ್ಥೆಗೆ ಆಗಲೇ ಇಪ್ಪತ್ತು ವರ್ಷದ ಅನುಭವವಿತ್ತು, ಮರಗಳನ್ನು ಬಲ್ಲ ಜನರಿದ್ದರು. ಹೊಸದಾಗಿ ಏನನ್ನೂ ಕಟ್ಟದೆ, ಬಲ್ಲವರ ಕೈಗೆ ಕೊಡುವ ದಾರಿ ಇದು.

ಇನ್ನೊಂದು ದಾರಿಯನ್ನು ಕ್ಯಾಲಿಫೋರ್ನಿಯಾದ ಗೊಲೀಟಾದಲ್ಲಿರುವ ಫೇರ್‌ವ್ಯೂ ಗಾರ್ಡನ್ಸ್ ತೋರಿಸಿತು. ಹನ್ನೆರಡೂವರೆ ಎಕರೆಯ ಹಣ್ಣು–ತರಕಾರಿ ತೋಟ, ಸುತ್ತ ಮನೆಗಳು ಎದ್ದವು. ಹುಂಜ ಕೂಗುತ್ತದೆ, ಗೊಬ್ಬರ ನಾರುತ್ತದೆ ಎಂದು ನೆರೆಯವರ ದೂರುಗಳೂ ಬಂದವು. ತೋಟ ನೋಡಿಕೊಳ್ಳುತ್ತಿದ್ದ ಮೈಕೆಲ್ ಏಬಲ್‌ಮನ್ ಮತ್ತು ಜೊತೆಗಾರರು ದೇಣಿಗೆ ಎತ್ತಿ, ಸಂಸ್ಥೆ ಕಟ್ಟಿ, ಮಾಲೀಕ ಕುಟುಂಬದಿಂದ ಜಾಗ ಕೊಂಡರು. ಜೊತೆಗೆ 1997ರಲ್ಲಿ, ಅಲ್ಲಿ ಬೇಸಾಯವಲ್ಲದೆ ಬೇರೇನೂ ಮಾಡುವಂತಿಲ್ಲ ಎಂಬ ಸಂರಕ್ಷಣಾ ಕರಾರು ಜಾಗದ ದಾಖಲೆಗೇ ಸೇರಿತು. ಈ ಕರಾರಿನ ಬಿಗಿ ನೋಡಿ: ಕಟ್ಟಡ ಕಟ್ಟುವ ಹಕ್ಕನ್ನು ಮಾಲೀಕ ಬಿಟ್ಟುಕೊಡುತ್ತಾನೆ, ಜಮೀನು ಅವನದೇ ಇರುತ್ತದೆ. ಮುಂದೆ ಯಾರಿಗೆ ಮಾರಿದರೂ ಕರಾರು ಜಮೀನಿನ ಬೆನ್ನಿಗೇ ಇರುತ್ತದೆ. ಲ್ಯಾಂಡ್ ಟ್ರಸ್ಟ್ ಎಂಬ ಬೇರೊಂದು ಸಂಸ್ಥೆ ಆಗಾಗ ಬಂದು ತಪಾಸಣೆ ಮಾಡುತ್ತದೆ. ಕ್ಯಾಲಿಫೋರ್ನಿಯಾದಲ್ಲಿ ಇದಕ್ಕೆಂದೇ 1979ರಿಂದ ಕಾನೂನಿದೆ.

ನಮ್ಮಲ್ಲಿ ಅಂಥ ಕಾನೂನಿಲ್ಲ. 1882ರ ಈಸ್‌ಮೆಂಟ್ ಕಾಯ್ದೆ ದಾರಿ, ನೀರಿನಂಥ ಅಕ್ಕಪಕ್ಕದ ಜಮೀನಿನ ಹಕ್ಕುಗಳಿಗೆ ಸಂಬಂಧಿಸಿದ್ದು. ‘ಈ ತೋಟವನ್ನು ಎಂದೂ ಮಾರಬಾರದು’ ಎಂದು ಮಕ್ಕಳಿಗೆ ಮಾಡಿಕೊಟ್ಟ ದಾನಪತ್ರದಲ್ಲಿ ಬರೆದರೆ ಸಾಕೆಂದು ಹಲವರು ನಂಬಿದ್ದಾರೆ. ಆಸ್ತಿ ವರ್ಗಾವಣೆ ಕಾಯ್ದೆಯ 10ನೇ ಕಲಮು ಅಂಥ ಸಂಪೂರ್ಣ ತಡೆಗೆ ಮಾನ್ಯತೆ ಕೊಡುವುದಿಲ್ಲ. ಅದೇ ಕಾಯ್ದೆಯ 18ನೇ ಕಲಮು ಮಾತ್ರ ಒಂದು ಬಾಗಿಲು ತೆರೆದಿಟ್ಟಿದೆ: ಜ್ಞಾನ, ಆರೋಗ್ಯ ಮುಂತಾದ ಸಾರ್ವಜನಿಕ ಹಿತಕ್ಕಾಗಿ ಆಸ್ತಿಯನ್ನು ಶಾಶ್ವತವಾಗಿ ಮುಡಿಪಿಡಬಹುದು. ಆದ್ದರಿಂದ ನಮ್ಮ ದಾರಿ ಸಾರ್ವಜನಿಕ ದತ್ತಿ ಟ್ರಸ್ಟ್.

ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಟ್ರಸ್ಟ್ ಡೀಡ್ ನೋಂದಾಯಿಸುವ ಮೊದಲು ಜಮೀನಿನ ಮೂಲ ನೋಡಿಸಿ. ಪಿತ್ರಾರ್ಜಿತವಾಗಿದ್ದರೆ ಹೆಣ್ಣುಮಕ್ಕಳೂ ಪಾಲುದಾರರು. ಮದುವೆಯಾಗಿ ದೂರ ಹೋದ ಅಕ್ಕ–ತಂಗಿಯರನ್ನು ಬಿಟ್ಟು ಮಾಡಿದ ಪತ್ರ ಮುಂದೆ ಕೋರ್ಟಿನಲ್ಲಿ ಬಿದ್ದುಹೋಗಬಹುದು. ಟ್ರಸ್ಟ್‌ಗಳು ಕೃಷಿ ಜಮೀನು ಹೊಂದಲು ಅಡ್ಡಿಯಾಗಿದ್ದ ಕರ್ನಾಟಕ ಭೂಸುಧಾರಣಾ ಕಾಯ್ದೆಯ 79ಬಿ ಕಲಮಿನ ತಡೆ 2020ರ ತಿದ್ದುಪಡಿಯಿಂದ ಸರಿದಿದೆ. ಆದರೆ ಸರ್ಕಾರ ಮಂಜೂರು ಮಾಡಿದ ಜಮೀನಿಗೆ ಷರತ್ತುಗಳಿರುತ್ತವೆ. ಪಹಣಿ ಹಿಡಿದು ಕಂದಾಯದ ವಿಷಯ ಬಲ್ಲ ವಕೀಲರನ್ನೇ ಕಾಣಬೇಕು.

ಡೀಡ್‌ನಲ್ಲಿ ಬರೆಯಲೇಬೇಕಾದ ಮಾತುಗಳಿವೆ. ಟ್ರಸ್ಟಿಗಳಲ್ಲಿ ಮನೆಯವರೇ ಹೆಚ್ಚಿರಬಾರದು. ಊರಿನ ಒಬ್ಬ ಮೇಷ್ಟ್ರು, ಒಬ್ಬ ರೈತ ಮಹಿಳೆ, ಗಿಡಮರ ಬಲ್ಲ ಒಬ್ಬರು ಇರಲಿ. ಜಮೀನು ಮಾರುವ, ಅಡ ಇಡುವ ಅಧಿಕಾರ ಟ್ರಸ್ಟಿಗಳಿಗಿಲ್ಲ ಎಂದು ಸ್ಪಷ್ಟವಾಗಿ ಬರೆಸಿ. ಟ್ರಸ್ಟ್ ಮುಚ್ಚುವ ಪ್ರಸಂಗ ಬಂದರೆ ತೋಟ ಇದೇ ಉದ್ದೇಶದ ಬೇರೊಂದು ಸಂಸ್ಥೆಗೆ ಸೇರಲಿ, ಮನೆಯವರಿಗೆ ವಾಪಸಾಗದಿರಲಿ. ಟ್ರಸ್ಟಿಗಳೇ ದಾರಿ ತಪ್ಪಿದರೆ, ಸಿವಿಲ್ ಪ್ರಕ್ರಿಯಾ ಸಂಹಿತೆಯ 92ನೇ ಕಲಮಿನಡಿ ಆ ಟ್ರಸ್ಟಿನಲ್ಲಿ ಹಿತಾಸಕ್ತಿಯುಳ್ಳ ಇಬ್ಬರು ಅನುಮತಿ ಪಡೆದು ಕೋರ್ಟಿಗೆ ಹೋಗಬಹುದು. ಊರಿನವರ ಕೈಯಲ್ಲಿರುವ ದೊಡ್ಡ ಬಲ ಇದು, ಬಹಳ ಜನಕ್ಕೆ ಗೊತ್ತೇ ಇಲ್ಲ.

ಇಷ್ಟಾದರೂ ತೋಟ ಸೊರಗುವುದು ಹಣವಿಲ್ಲದೆ. ಕೂಲಿ, ಬೇಲಿ, ಪಂಪು, ಗೊಬ್ಬರಕ್ಕೆ ವರ್ಷಕ್ಕೆ 4 ಲಕ್ಷ ಬೇಕೆಂದುಕೊಳ್ಳಿ. ಶೇಕಡಾ 7ರ ಬಡ್ಡಿಯಲ್ಲಿ ಅಸಲು ಮುಟ್ಟದೆ ಅಷ್ಟು ಹುಟ್ಟಲು ಸುಮಾರು 57 ಲಕ್ಷದ ಮೂಲನಿಧಿ ಬೇಕು. ಬೆಲೆ ಏರಿದಂತೆ ಅದೂ ಸಾಲದು. ಹಾಗಾಗಿ ಹಣ್ಣಿನ ಮಾರಾಟ, ಸಸಿ ನರ್ಸರಿ, ಶಾಲೆಗಳಿಗೆ ಕಲಿಕಾ ಶಿಬಿರ ಇವೆಲ್ಲ ಮೊದಲ ವರ್ಷದಿಂದಲೇ ನಡೆಯಬೇಕು. 80ಜಿ ಎಂದು ಎಲ್ಲರೂ ಕರೆಯುವ ತೆರಿಗೆ ರಿಯಾಯಿತಿ ದಾನಿಗೆ ಸಿಗುವುದು ಹಣದ ದೇಣಿಗೆಗೆ ಮಾತ್ರ, ಜಮೀನು ಕೊಟ್ಟದ್ದಕ್ಕಲ್ಲ ಎಂಬುದೂ ನೆನಪಿರಲಿ.

ಊರಿಗೆ ತೋಟದಿಂದ ಸಿಗುವ ನಿಜವಾದ ಸಂಪತ್ತು ಕಸಿ ಕಡ್ಡಿ. ನಮ್ಮ ಬಹುತೇಕ ಮಾವಿನ ತಳಿಗಳು ಓಟೆಯಿಂದ ತಾಯಿಯಂತೆಯೇ ಹುಟ್ಟುವುದಿಲ್ಲ. ತಳಿಯ ಒಂದೇ ಮರ ಉಳಿದಿದ್ದು, ಅದು ಬಿದ್ದರೆ ರುಚಿಯೂ ಅದರೊಂದಿಗೇ ಹೋಯಿತು. ಮೂರ್ನಾಲ್ಕು ತಿಂಗಳು ಬಲಿತ, ಪೆನ್ಸಿಲ್ ದಪ್ಪದ ಕುಡಿಯನ್ನು ಆರಿಸಿ, ಒಂದು ವಾರ ಮುಂಚೆ ಎಲೆ ತೆಗೆದುಬಿಡಬೇಕು; ತುದಿಯ ಮೊಗ್ಗು ಉಬ್ಬುತ್ತದೆ. ಆಗ ಕತ್ತರಿಸಿ, ಬುಡವನ್ನು ಎರಡೂ ಕಡೆ ಬೆಣೆಯಂತೆ ಕೆತ್ತಿ, ಓಟೆ ಸಸಿಯ ಸೀಳಿದ ಕಾಂಡದೊಳಗೆ ತೊಗಟೆಗೆ ತೊಗಟೆ ಕೂಡುವಂತೆ ಕೂರಿಸಿ, ಪ್ಲಾಸ್ಟಿಕ್ ಪಟ್ಟಿಯಿಂದ ಬಿಗಿಯಾಗಿ ಸುತ್ತಬೇಕು. ಮಲೆನಾಡಿನ ಅಪ್ಪೆಮಿಡಿ ಮರಗಳು ಹೊಳೆದಂಡೆಯಿಂದ ಎಷ್ಟೋ ತೋಟಗಳಿಗೆ ಬಂದದ್ದು ಇಂಥ ಕಡ್ಡಿಗಳ ಮೂಲಕವೇ. ಪ್ರತಿ ಮರಕ್ಕೂ ಸಂಖ್ಯೆ, ಹೆಸರು, ಹಣ್ಣಾಗುವ ತಿಂಗಳು, ನೆಟ್ಟವರು ಯಾರು ಎಂದು ಒಂದು ಪುಸ್ತಕದಲ್ಲಿ ಬರೆದಿಡಿ. ಇದನ್ನು ಹೇಳಬಲ್ಲ ಹಿರಿಯರು ಮನೆಯಲ್ಲಿ ಇದ್ದಾಗಲೇ ಕೇಳಿಕೊಳ್ಳಬೇಕು.

ಕಾಗದಪತ್ರಕ್ಕೆ ವರ್ಷವೇ ಹಿಡಿದೀತು. ಅಲ್ಲಿಯವರೆಗೆ ಕಾಯಬೇಡಿ: ಈ ಮಳೆಗಾಲದಲ್ಲೇ ನಿಮ್ಮ ತೋಟದ ಅಪರೂಪದ ಮರಗಳ ಕಡ್ಡಿಯಿಂದ ಕಸಿ ಮಾಡಿಸಿ, ಕನಿಷ್ಠ ಎರಡು ಬೇರೆ ತೋಟಗಳಲ್ಲಿ ನೆಡಿಸಿ.