ಕೊಟ್ಟಿಗೆಯ ಪದ್ಮಿನಿ

ಡಿಸೆಂಬರ್ 9, ಬೆಳಗ್ಗೆ ಏಳೂವರೆ. ಇಬ್ಬನಿ ಇನ್ನೂ ಹರಿದಿರಲಿಲ್ಲ. ಹಳೆ ಕೊಟ್ಟಿಗೆಯ ತಡಿಕೆ ಸರಿಸಿ ಒಳಗೆ ಕಾಲಿಟ್ಟಾಗ ಮೊದಲು ಕಣ್ಣಿಗೆ ಬಿದ್ದದ್ದು ಹಾವಿನ ಪೊರೆ. ಹಿಂದಿನ ಬಂಪರಿನಿಂದ ಚಕ್ರದವರೆಗೆ ಎಲ್ಲೂ ಹರಿಯದೆ ಚಾಚಿಕೊಂಡಿತ್ತು. ಅಳೆದೆ, ಐದೂಮುಕ್ಕಾಲು ಅಡಿ. ಕೇರೆಯದು. ಕೇರೆ ಇಲ್ಲಿಗೇಕೆ ಬಂತೆಂದು ಕೇಳಬೇಕಾಗಿರಲಿಲ್ಲ. ಹಿಂದಿನ ಸೀಟಿನ ತೆಂಗಿನ ನಾರನ್ನು ಇಲಿಗಳು ಮೂರು ಕಡೆ ಬಗೆದು ಗೂಡು ಮಾಡಿದ್ದವು.

ಇದು ದೊಡ್ಡಪ್ಪ 1984ರಲ್ಲಿ ಕೊಂಡ ಪ್ರೀಮಿಯರ್ ಪದ್ಮಿನಿ. 2006ರ ಮಳೆಗಾಲದಲ್ಲಿ ಕೊಟ್ಟಿಗೆ ಸೇರಿದ್ದು ಮತ್ತೆ ಹೊರಗೆ ಬಂದಿರಲಿಲ್ಲ. ನಮ್ಮದು ಶಿರಸಿ ಸೀಮೆ; ವರ್ಷಕ್ಕೆ 2,000 ಮಿಲಿಮೀಟರಿಗೂ ಮಿಕ್ಕಿ ಮಳೆ ಬೀಳುವ ಜಾಗದಲ್ಲಿ ಹದಿನೆಂಟು ವರ್ಷ ನಿಂತ ಕಬ್ಬಿಣ. ದೊಡ್ಡಪ್ಪ ತೀರಿಕೊಂಡ ಮೇಲೆ ಗುಜರಿಯವರು ಎರಡು ಸಲ ಬಂದು ಹೋದರು. ನನಗೆ ಕೊಡಲು ಮನಸ್ಸಾಗಲಿಲ್ಲ. ಗೇರಿನ ಗಾಡಿ ಓಡಿಸಲು ಬರುತ್ತಿರಲಿಲ್ಲ ಎನ್ನುವುದು ಬೇರೆ ಮಾತು. ಈ ಗಾಡಿಯಲ್ಲೇ ಕಲಿಯಬೇಕು ಅಂದುಕೊಂಡೆ.

ಒಂದು ವಾರ ಏನನ್ನೂ ಮುಟ್ಟಲಿಲ್ಲ. ನೋಟ್ ಪುಸ್ತಕ ಹಿಡಿದು ಸುತ್ತ ಕೂತೆ. ಕಿಟಕಿಯ ರಬ್ಬರ್ ಬೀಡಿಂಗಿನ ಮೇಲೆ ಹಾವಸೆ, ಬೂದು ಬಣ್ಣದ ಕಲ್ಲುಹೂವಿನ ಚುಕ್ಕೆಗಳು. ಬಾಗಿಲ ಒಳಮೈಯ ಹಾರ್ಡ್‌ಬೋರ್ಡನ್ನು ಗೆದ್ದಲು ಮೇದಿತ್ತು. ತುಕ್ಕು ಸಿಕ್ಕಸಿಕ್ಕಲ್ಲಿ ಹತ್ತುವುದಿಲ್ಲ, ಅದಕ್ಕೂ ನೆಲೆ ಬೇಕು. ತರಗೆಲೆ ಸೇರಿ ನೀರು ಹಿಡಿದ ಬಾನೆಟ್ ಸಂದಿ, ಬ್ಯಾಟರಿ ಕೂರುವ ತಟ್ಟೆ, ಕಾಲಡಿಯ ಮ್ಯಾಟಿನ ಕೆಳಗಿನ ತಗಡು, ಡಿಕ್ಕಿಯಲ್ಲಿ ಸ್ಟೆಪ್ನಿ ಇಡುವ ಗುಳಿ, ಈ ನಾಲ್ಕು ಕಡೆ ಬೆರಳಿಟ್ಟರೆ ತಗಡು ಹಪ್ಪಳದಂತೆ ಪುಡಿಯಾಯಿತು. ಗಾಳಿಯಾಡಿದ ಮಾಡು, ಬಾಗಿಲ ಕಂಬಗಳು ಗಟ್ಟಿಯಾಗಿದ್ದವು.

ಡ್ಯಾಶ್‌ಬೋರ್ಡಿನ ಅಡಿಯಲ್ಲಿ ಕುಂಬಾರ ಹುಳದ ಮಣ್ಣಿನ ಮನೆಗಳು ಸಾಲಾಗಿದ್ದವು. ಹೆಚ್ಚಿನವಕ್ಕೆ ದುಂಡಗಿನ ತೂತಿತ್ತು, ಮರಿ ಹಾರಿಹೋದ ಗುರುತು. ಒಂದರ ಬಾಯಿ ಮುಚ್ಚಿತ್ತು. ಚಾಕುವಿನ ತುದಿಯಲ್ಲಿ ಬಿಡಿಸಿದೆ. ಒಳಗೆ ಹದಿಮೂರು ಜೇಡಗಳು, ಒಂದರ ಮೇಲೊಂದು ಅಡಕಿಟ್ಟಂತೆ. ಮುಟ್ಟಿದರೆ ಮೆತ್ತಗೆ, ಕೊಳೆತಿಲ್ಲ, ಒಣಗಿಲ್ಲ. ತಾಯಿಹುಳ ಕುಟುಕಿ ಮರಗಟ್ಟಿಸಿ ಇಟ್ಟ ಬುತ್ತಿ ಅದು. ಒಂದು ಜೇಡದ ಹೊಟ್ಟೆಗೆ ಅಂಟಿಕೊಂಡು ಅಕ್ಕಿಕಾಳಿಗಿಂತ ಸಣ್ಣ ಮೊಟ್ಟೆ. ಆ ಮನೆಯನ್ನು ಒಡೆದದ್ದಕ್ಕೆ ಇವತ್ತಿಗೂ ಬೇಸರವಿದೆ.

ಜನವರಿಯಲ್ಲಿ ಮೇಸ್ತ್ರಿ ಬಂದರು. ವಯಸ್ಸು ಎಪ್ಪತ್ತು ದಾಟಿದೆ, ಹುಡುಗರಾಗಿದ್ದಾಗಿನಿಂದ ಫಿಯೆಟ್ಟಿನ ಕೆಲಸ ಮಾಡಿದವರು. ಅವರು ಪದ್ಮಿನಿ ಅನ್ನುವುದೇ ಇಲ್ಲ, ಅವರ ಬಾಯಲ್ಲಿ ಅದು ಫಿಯೆಟ್ಟೇ. ಅವರ ಮಾತು ಸರಿಯೂ ಹೌದು. 1964ರಲ್ಲಿ ಮುಂಬಯಿಯ ಕುರ್ಲಾದಲ್ಲಿ ಫಿಯೆಟ್ 1100 ಡಿಲೈಟ್ ಆಗಿ ಹೊರಬಂದ ಗಾಡಿಯೇ 1974ರಲ್ಲಿ ಪದ್ಮಿನಿಯಾಯಿತು. ಎಂಜಿನ್ ಅದೇ 1089 ಸಿಸಿ, ನಾಲ್ಕು ಸಿಲಿಂಡರ್. ಸ್ಟೇರಿಂಗ್ ಪಕ್ಕದಲ್ಲೇ ಹ್ಯಾಂಡ್ ಗೇರು.

ಎಂಜಿನ್ ಜಾಮ್ ಆಗಿತ್ತು. ಮೇಸ್ತ್ರಿ ನಾಲ್ಕೂ ಪ್ಲಗ್ ಬಿಚ್ಚಿ ಒಳಗೆ ಎಣ್ಣೆ ಬಿಟ್ಟು, "ಇನ್ನು ಹದಿನೈದು ದಿನ ಮುಟ್ಬೇಡ ತಂಗಿ" ಎಂದು ಹೋದರು. ಹದಿನಾರನೇ ದಿನ ನಾಲ್ಕನೇ ಗೇರಿಗೆ ಹಾಕಿ, ಇಬ್ಬರು ಹಿಂದೆ ಇಬ್ಬರು ಮುಂದೆ ನಿಂತು ತೊಟ್ಟಿಲು ತೂಗಿದ ಹಾಗೆ ತೂಗಿದೆವು. ಜೋರು ಮಾಡಬಾರದು, ರಿಂಗ್ ಮುರಿಯುತ್ತದೆ. ಅರ್ಧ ಗಂಟೆ ಕಳೆದ ಮೇಲೆ ಒಳಗೆಲ್ಲೋ ಸಣ್ಣಗೆ ಒಂದು ನಿಟ್ಟುಸಿರು ಕೇಳಿಸಿತು, ಚಕ್ರ ಒಂದಂಗುಲ ಸರಿಯಿತು. ಮೇಸ್ತ್ರಿ ಟೋಪಿ ತೆಗೆದು ಬೆವರು ಒರೆಸಿಕೊಂಡರು.

ಕಾರ್ಬೊರೇಟರ್ ತೊಳೆದು, ಪಾಯಿಂಟ್ ಉಜ್ಜಿ, ಪೆಟ್ರೋಲ್ ಪೈಪುಗಳನ್ನೆಲ್ಲ ಹೊಸದಾಗಿ ಹಾಕಿದೆವು. ಈಗಿನ ಪೆಟ್ರೋಲಿನಲ್ಲಿ ಶೇ 20 ಎಥೆನಾಲ್. ಹಳೆಯ ರಬ್ಬರು ಅದನ್ನು ಕುಡಿದು ಊದಿ ಬಿರಿಯುತ್ತದೆ. ಫೆಬ್ರವರಿ ಕೊನೆಗೆ ಎಂಜಿನ್ ಮಾತಾಡಿತು. ಆದರೆ ಕ್ಲಚ್ ಎಷ್ಟು ಒತ್ತಿದರೂ ಗೇರು ಬೀಳಲಿಲ್ಲ. ಗೇರ್‌ಬಾಕ್ಸ್ ಇಳಿಸಬೇಕಾಯಿತು. ತುಕ್ಕು ಹತ್ತಿದ ಹೆಡ್‌ಲೈಟ್ ಬಟ್ಟಲುಗಳನ್ನೂ ಬಿಚ್ಚಿ ಟಿಂಕರಿಂಗಿಗೆ ಕೊಟ್ಟೆವು. ಹಾಳಾದ ಸೀಟಿನ ನಾರನ್ನು ಅಂಗಳದ ಮೂಲೆಗೆ ಸುರಿದೆ.

ಮಾರ್ಚ್ 27ರಂದು ಮಡಿವಾಳ ಹಕ್ಕಿಯ ಹೆಣ್ಣು ಆ ನಾರಿನ ರಾಶಿಯ ಮೇಲೆ ಕೂತಿತ್ತು. ಕೊಕ್ಕಿನ ತುಂಬ ಎಳೆ ಹಿಡಿದು ನೇರ ಕೊಟ್ಟಿಗೆಗೆ ಹಾರಿತು. ನಾನು ಕಂಬದ ಮರೆಗೆ ನಿಂತೆ. ಪದ್ಮಿನಿಯ ಬಲಗಡೆಯ ಹೆಡ್‌ಲೈಟಿನ ಖಾಲಿ ತೂತಿನೊಳಗೆ ಅದರ ಬಾಲ ಮರೆಯಾಯಿತು. ಅದೇ ಗಾಡಿಯ ಸೀಟಿನ ನಾರು ಮತ್ತೆ ಅದೇ ಗಾಡಿಗೆ! ಏಪ್ರಿಲ್ 4ಕ್ಕೆ ನಾಲ್ಕು ಮೊಟ್ಟೆ, ತಿಳಿ ಹಸಿರು ಮೈಯಲ್ಲಿ ಕಂದು ಚುಕ್ಕೆ.

ಮೇಸ್ತ್ರಿಗೆ ಫೋನ್ ಮಾಡಿ ಹೇಳುವಾಗ ಸ್ವಲ್ಪ ಅಳುಕಿತ್ತು, ಅವರ ಕೆಲಸ ಹಿಂದೆ ಬೀಳುತ್ತದಲ್ಲ. ಅವರು ಅಂದದ್ದು ಇಷ್ಟೇ: "ಮರಿ ಹಾರ್ಲಿ ತಂಗಿ. ಗಾಡಿ ಹದಿನೆಂಟು ವರ್ಷ ಕಾದದೆ, ನಮಗೆ ಒಂದು ತಿಂಗಳು ಏನು?"

ಕಾವಿಗೆ ಕೂತದ್ದು ಹೆಣ್ಣು ಮಾತ್ರ. ಗಂಡು ಬೆಳಗಿನ ಐದೂಕಾಲಕ್ಕೆ ಮಾಡಿನ ತುದಿಯಲ್ಲಿ ಸಿಳ್ಳೆ ಶುರು ಮಾಡುತ್ತಿತ್ತು. 17ರಂದು ಮರಿಗಳು ಹೊರಬಂದ ಮೇಲೆ ಎರಡೂ ಸೇರಿ ಗುಟುಕು ತಂದವು. ಒಂದು ಬೆಳಗ್ಗೆ ಒಂದು ಗಂಟೆಯಲ್ಲಿ ಹತ್ತೊಂಬತ್ತು ಸಲ ಎಣಿಸಿದ್ದೇನೆ.

ಆ ತಿಂಗಳು ಮೇಸ್ತ್ರಿ ತಮ್ಮ ಮನೆಯ ಜಗುಲಿಯಲ್ಲಿ ನನಗೆ ಪಾಠ ಹೇಳಿದರು. ಕ್ಲಚ್ ಪ್ಲೇಟನ್ನು ಕೈಗಿತ್ತರು. ಊಟದ ತಟ್ಟೆಗಿಂತ ಚಿಕ್ಕದು, ಎರಡೂ ಮೈಗೆ ಒರಟು ಲೈನಿಂಗ್, ನಡುವೆ ಹಲ್ಲಿನ ತೂತು. ಫ್ಲೈವೀಲಿನ ಮೇಲೆ ಅದೇ ಪ್ಲೇಟಿನ ಅಚ್ಚು ತುಕ್ಕಿನಲ್ಲಿ ಮೂಡಿತ್ತು, ಕಚ್ಚಿಕೊಂಡದ್ದು ಅಲ್ಲೇ. ತಿರುಗುವ ಫ್ಲೈವೀಲಿಗೂ ನಿಂತ ಗೇರ್‌ಬಾಕ್ಸಿಗೂ ನಡುವೆ ಈ ಒಂದು ಬಿಲ್ಲೆ. ಪೆಡಲ್ ಒತ್ತಿದರೆ ಬಿಡಿಸಿಕೊಳ್ಳುತ್ತದೆ. ಬಿಡುತ್ತ ಬಂದರೆ ಮೊದಲು ಜಾರುತ್ತದೆ, ಉಜ್ಜುತ್ತದೆ, ಆಮೇಲೆ ಹಿಡಿಯುತ್ತದೆ. ಆ ಜಾರುವ ಹೊತ್ತನ್ನು ಎಡಗಾಲು ಕಲಿಯಬೇಕು. ಎರಡು, ಮೂರು, ನಾಲ್ಕನೇ ಗೇರುಗಳಿಗೆ ವೇಗ ಸರಿದೂಗಿಸುವ ಹಿತ್ತಾಳೆ ಬಳೆಗಳಿವೆ. ಒಂದನೆಯದಕ್ಕೆ ಇಲ್ಲ, ಗಾಡಿ ಪೂರ್ತಿ ನಿಲ್ಲದೆ ಹಾಕಿದರೆ ಕರಕರ ಅನ್ನುತ್ತದೆ.

ಏಪ್ರಿಲ್ 30, ಬೆಳಗ್ಗೆ ಎಂಟರ ಒಳಗೆ ನಾಲ್ಕೂ ಮರಿ ಹೊರಗೆ. ಕೊನೆಯದು ಬಾನೆಟ್ಟಿನ ಮೇಲೆ ಕೂತು ಹನ್ನೊಂದು ನಿಮಿಷ ತೆಗೆದುಕೊಂಡಿತು.

ಗೇರ್‌ಬಾಕ್ಸು, ಹೆಡ್‌ಲೈಟು ಮತ್ತೆ ಕೂರಿಸಿ, ಮೇ 14ರಿಂದ ಮನೆ ಮೇಲಿನ ಬ್ಯಾಣದ ಹುಲ್ಲುಬಯಲಿನಲ್ಲಿ ಅಭ್ಯಾಸ. ಮೊದಲ ದಿನ ಗಾಡಿ ಇಪ್ಪತ್ಮೂರು ಸಲ ಬಂದ್ ಬಿತ್ತು, ಮರುದಿನ ಹದಿನಾರು. ನಾನು ಗೇರಿನ ಸರಳನ್ನೇ ನೋಡುತ್ತಿದ್ದೆ. "ಕಣ್ಣು ರಸ್ತೆ ಮೇಲಿರ್ಲಿ, ಕಾಲಿಂದ ಕೇಳು" ಎಂದರು ಮೇಸ್ತ್ರಿ. ಮೂರನೇ ದಿನ ಗಾಡಿ ಓಡಿಸುವುದನ್ನು ಬಿಟ್ಟು ಬರೀ ಕ್ಲಚ್ ಒತ್ತುವುದು, ಬಿಡುವುದು ಮಾಡಿದೆ. ಆಗ ಕಾಣಿಸತೊಡಗಿತು. ಪ್ಲೇಟು ಹಿಡಿಯುವ ಮುನ್ನ ಎಂಜಿನ್ನಿನ ದನಿ ಒಂದು ಎಳೆ ತಗ್ಗುತ್ತದೆ. ಕನ್ನಡಿ ನಡುಗುತ್ತದೆ. ಬಾನೆಟ್ಟಿನ ಮೂತಿ ಕೂದಲೆಳೆಯಷ್ಟು ಏಳುತ್ತದೆ. ಹಕ್ಕಿ ಹಾರುವ ಮುನ್ನ ಮೈ ಕುಗ್ಗಿಸುವುದನ್ನು ನಾನು ಎಷ್ಟು ವರ್ಷದಿಂದ ನೋಡಿದ್ದೇನೆ! ಆ ಕುಗ್ಗುವಿಕೆ ಇಲ್ಲೂ ಇತ್ತು. ಅದು ಬಂದಾಗ ಕಾಲನ್ನು ಅಲ್ಲೇ ನಿಲ್ಲಿಸಿ ಆಕ್ಸಿಲರೇಟರ್ ಚೂರು ಕೊಟ್ಟರೆ ಗಾಡಿ ತಾನಾಗಿ ಎದ್ದು ಹೊರಡುತ್ತದೆ. ಆರನೇ ದಿನ ಬಂದ್ ಬಿದ್ದದ್ದು ಎರಡೇ ಸಲ.

ಜೂನ್ 7. ಮಧ್ಯಾಹ್ನ ಭಾರಿ ಮಳೆ ಹೊಡೆದು ಸಂಜೆಗೆ ಬಿಟ್ಟಿತ್ತು. ಪೇಟೆಯಿಂದ ಬರುತ್ತಿದ್ದೆವು, ಮೇಸ್ತ್ರಿ ಪಕ್ಕದಲ್ಲಿ. ಮನೆಯ ಕೆಳಗಿನ ಏರಿನಲ್ಲಿ ಬೆಳಕಿಗೆ ಏನೋ ಹಳದಿ ಹೊಳೆಯಿತು. ನಿಲ್ಲಿಸಿದೆ. ಗದ್ದೆಯ ದೊಡ್ಡ ಕಪ್ಪೆ, ಗಂಡು. ಮೊದಲ ಮಳೆಗೆ ನಿಂಬೆಹಣ್ಣಿನ ಬಣ್ಣ ತಿರುಗಿದೆ, ಗಂಟಲಿನ ಎರಡು ಪಕ್ಕ ನೀಲಿ ಚೀಲ. ಹಿಂದೆ ಇನ್ನೊಂದು, ಅದರ ಹಿಂದೆ ಮತ್ತೊಂದು, ಎಲ್ಲ ಕೆಳಗಿನ ಗದ್ದೆಯ ನೀರಿಗೆ. ಬಲಗಡೆಯ ಹೆಡ್‌ಲೈಟಿನ ಬೆಳಕಿನಲ್ಲೇ ದಾಟಿದವು. ಹ್ಯಾಂಡ್ ಬ್ರೇಕ್ ಎಳೆದು ಕೂತೆ. ಹದಿನೇಳು ಎಣಿಸಿದೆ. ಮೇಸ್ತ್ರಿ ಮಾತಾಡಲಿಲ್ಲ.

ರಸ್ತೆ ಖಾಲಿಯಾಯಿತು. ಒಂದನೇ ಗೇರು. ಎಡಗಾಲನ್ನು ಬಿಡುತ್ತ ಬಂದೆ. ದನಿ ತಗ್ಗಿತು, ಮೂತಿ ಎದ್ದಿತು. ಹ್ಯಾಂಡ್ ಬ್ರೇಕ್ ಇಳಿಸಿದೆ. ಪದ್ಮಿನಿ ಒಂದಂಗುಲವೂ ಹಿಂದೆ ಜಾರದೆ ಏರು ಹತ್ತಿತು.