ಮೂಳೆಯಿಂದ ಮೂಡಿದ ಕಡಗ

ರೋಮ್ ನಗರದಲ್ಲಿ ಕ್ಯಾಪುಚಿನ್ ಸಂನ್ಯಾಸಿಗಳದೊಂದು ಹಳೆಯ ಚರ್ಚು ಇದೆ. ಅದರ ನೆಲಮಾಳಿಗೆಗೆ ಇಳಿದವರ ಎದೆ ಒಮ್ಮೆ ಝಲ್ಲೆನ್ನದೆ ಇರದು. ಗೋಡೆ, ಕಮಾನು, ಚಾವಣಿಯ ತೂಗುದೀಪ ಎಲ್ಲಕ್ಕೂ ಮನುಷ್ಯರ ಮೂಳೆಗಳದೇ ಅಲಂಕಾರ! ತೀರಿಹೋದ ಸಾವಿರಾರು ಸಂನ್ಯಾಸಿಗಳ ಅಸ್ಥಿಗಳನ್ನು ಹೂಬಳ್ಳಿಯ ಹಾಗೆ ಅಲ್ಲಿ ಜೋಡಿಸಿಟ್ಟಿದ್ದಾರೆ. ಆ ಊರಿನ ಶ್ರೀಮಂತರ ಮನೆಯ ಪುಟ್ಟ ಹುಡುಗಿಯೊಬ್ಬಳು ದಾದಿಯ ಜೊತೆ ಅಲ್ಲಿಗೆ ಹೋಗುತ್ತಿದ್ದಳು. ಬೇರೆ ಮಕ್ಕಳಾಗಿದ್ದರೆ ಚೀರುತ್ತಿದ್ದರೋ ಏನೋ. ಈಕೆ ಮಾತ್ರ ಮೂಳೆಯೊಂದನ್ನು ಕೈಚೀಲದಲ್ಲಿ ಬಚ್ಚಿಟ್ಟುಕೊಂಡು ಮನೆಗೆ ತರುತ್ತಿದ್ದಳು. ತಾಯಿ ಗದರಿಸಿ ಅದನ್ನು ವಾಪಸು ಕಳಿಸುತ್ತಿದ್ದಳು. ಹೀಗೆ ಒಂದಲ್ಲ, ಹಲವು ಬಾರಿ!

ಆ ಹುಡುಗಿಯೇ ಎಲ್ಸಾ ಪೆರೆಟ್ಟಿ. ಮುಂದೆ ನ್ಯೂಯಾರ್ಕಿನ ಹೆಸರಾಂತ ರೂಪದರ್ಶಿಯಾಗಿ, ಆನಂತರ ಇಪ್ಪತ್ತನೆಯ ಶತಮಾನದ ಅತಿ ಪ್ರಭಾವಶಾಲಿ ಆಭರಣ ವಿನ್ಯಾಸಕಿಯರಲ್ಲಿ ಒಬ್ಬಳಾಗಿ ಬೆಳೆದವಳು. ಬೇರೆಯವರು ತೊಡಿಸಿದ್ದನ್ನು ತೊಟ್ಟು ನಿಲ್ಲುವುದು ರೂಪದರ್ಶಿಯ ಕಸುಬು. ಆ ಕಸುಬಿನಿಂದ ಹೊರಟು, ತಾನು ಮಾಡಿದ್ದನ್ನು ಜಗತ್ತೇ ತೊಡುವಂತೆ ಮಾಡಿದ್ದು ಈಕೆಯ ಹೆಚ್ಚುಗಾರಿಕೆ.

ಮನೆ ಬಿಟ್ಟ ಮಗಳು

ಎಲ್ಸಾ ಹುಟ್ಟಿದ್ದು 1940ರ ಮೇ 1ರಂದು, ಇಟಲಿಯ ಫ್ಲಾರೆನ್ಸ್‌ನಲ್ಲಿ. ತಂದೆ ಫರ್ಡಿನಾಂಡೊ ಪೆರೆಟ್ಟಿ ದೊಡ್ಡ ತೈಲ ಕಂಪನಿಯೊಂದರ ಸ್ಥಾಪಕ. ಮನೆಯಲ್ಲಿ ಯಾವುದಕ್ಕೂ ಕೊರತೆಯಿರಲಿಲ್ಲ. ಒಳ್ಳೆಯ ಶಾಲೆ, ಆಮೇಲೆ ಒಳ್ಳೆಯ ಮನೆತನದ ವರ, ಹೀಗೆ ಹಿರಿಯರು ಹಾಕಿಕೊಟ್ಟ ದಾರಿ ಸಿದ್ಧವಾಗಿತ್ತು. ಆದರೆ ಹುಡುಗಿಗೆ ಆ ದಾರಿ ಬೇಡವಾಗಿತ್ತು. ಇಪ್ಪತ್ತೊಂದರ ವಯಸ್ಸಿನಲ್ಲಿ ಮನೆ ಬಿಟ್ಟು ಸ್ವಿಟ್ಜರ್‌ಲೆಂಡ್ ಸೇರಿದಳು. ಫ್ರೆಂಚ್ ಪಾಠ ಹೇಳಿ, ಹಿಮದ ಮೇಲೆ ಜಾರುವ ಸ್ಕೀಯಿಂಗ್ ಕಲಿಸಿ ಹೊಟ್ಟೆ ಹೊರೆದಳು. ಮಿಲಾನ್‌ನಲ್ಲಿ ಒಳಾಂಗಣ ವಿನ್ಯಾಸ ಕಲಿತಳು. 1964ರಲ್ಲಿ ಸ್ಪೇನಿನ ಬಾರ್ಸಿಲೋನಾಗೆ ಹೋಗಿ ರೂಪದರ್ಶಿಯಾದಳು.

ಸಂಪ್ರದಾಯಸ್ಥ ಕುಟುಂಬಕ್ಕೆ ಇದು ಸಹಿಸಲಾಗದ ಸಂಗತಿ. ಮನೆಯಿಂದ ಬರುತ್ತಿದ್ದ ಹಣ ನಿಂತುಹೋಯಿತು. ಕೋಟ್ಯಧೀಶನ ಮಗಳು ಇನ್ನು ತನ್ನ ಅನ್ನ ತಾನೇ ದುಡಿದುಕೊಳ್ಳಬೇಕಿತ್ತು.

ಆದರೆ ಬಾರ್ಸಿಲೋನಾ ಬರಿಗೈಲಿ ಕಳಿಸಲಿಲ್ಲ. ಅಲ್ಲಿ ಕಲಾವಿದರ, ಛಾಯಾಗ್ರಾಹಕರ ಒಡನಾಟ ಸಿಕ್ಕಿತು. ವಾಸ್ತುಶಿಲ್ಪಿ ಗೌಡಿ ಕಟ್ಟಿದ ಮನೆಗಳು ಆ ಊರಿನಲ್ಲಿವೆ. ಅವುಗಳ ಕಲ್ಲುಗಳು ಅಲೆಯಂತೆ ಬಾಗುತ್ತವೆ, ಕಂಬಗಳು ಮೂಳೆಯಂತೆ ಕಾಣುತ್ತವೆ. ಬಾಲ್ಯದಲ್ಲಿ ಚೀಲಕ್ಕಿಳಿದಿದ್ದ ಮೂಳೆ ಮತ್ತೆ ಕಣ್ಣ ಮುಂದೆ ಬಂದಿತ್ತು!

ಹೂವು ಹಿಡಿದ ಪುಟ್ಟ ಕುಡಿಕೆ

1968ರಲ್ಲಿ ಎಲ್ಸಾ ನ್ಯೂಯಾರ್ಕಿಗೆ ಬಂದಳು. ನೀಳ ಕಾಯ, ತೀಕ್ಷ್ಣ ಮುಖ, ತಗ್ಗಿದ ಗಡಸು ದನಿ. ಬಹು ಬೇಗ ವಸ್ತ್ರ ವಿನ್ಯಾಸಕ ಹಾಲ್‌ಸ್ಟನ್‌ನ ಮೆಚ್ಚಿನ ರೂಪದರ್ಶಿಯೂ ಗೆಳತಿಯೂ ಆದಳು. ಆದರೆ ಆಕೆಯ ಕೈ ಸುಮ್ಮನಿರುತ್ತಿರಲಿಲ್ಲ. ಹಳೆಯ ಸಾಮಾನುಗಳ ಸಂತೆಯಲ್ಲಿ ಬೆಳ್ಳಿಯ ಪುಟ್ಟ ಹೂದಾನಿಯೊಂದನ್ನು ಕಂಡವಳಿಗೆ ಏನೋ ಹೊಳೆಯಿತು. ಅದೇ ಬಗೆಯ ಎರಡು ಅಂಗುಲದ ಕುಡಿಕೆಯೊಂದನ್ನು ಸ್ಪೇನಿನ ಬೆಳ್ಳಿ ಕೆಲಸಗಾರನಿಂದ ಮಾಡಿಸಿ, ತೊಗಲಿನ ದಾರಕ್ಕೆ ಪೋಣಿಸಿದಳು. 1969ರಲ್ಲಿ ವಿನ್ಯಾಸಕ ಜಾರ್ಜಿಯೊ ಡಿ ಸಾಂಟ್ ಆಂಜೆಲೊನ ಉಡುಪಿನ ಪ್ರದರ್ಶನದಲ್ಲಿ ರೂಪದರ್ಶಿಯ ಕೊರಳಲ್ಲಿ ಆ ಕುಡಿಕೆ ತೂಗಿತು. ಅದರೊಳಗೊಂದು ಗುಲಾಬಿ! ನೋಡಿದವರೆಲ್ಲ ಉಡುಪಿಗಿಂತ ಪದಕದ ಬಗ್ಗೆಯೇ ಕೇಳತೊಡಗಿದರು.

ಅದರ ಬೆನ್ನಿಗೇ ಬಂದದ್ದು ‘ಬೋನ್ ಕಫ್’ ಎಂಬ ಅಗಲ ಕಡಗ. ಮಣಿಕಟ್ಟಿನ ಪಕ್ಕದಲ್ಲಿ ಉಬ್ಬಿದ ಮೂಳೆಯೊಂದು ಇರುತ್ತದಲ್ಲ, ಅದಕ್ಕೆ ಈ ಕಡಗದಲ್ಲಿಯೂ ಒಂದು ಉಬ್ಬು. ಬಲಗೈಯದು ಎಡಗೈಗೆ ಸರಿಹೋಗದು; ಎರಡಕ್ಕೂ ಬೇರೆ ಬೇರೆ ಅಚ್ಚು. ಅದರಲ್ಲಿ ಹರಳಿಲ್ಲ, ಕೆತ್ತನೆಯಿಲ್ಲ, ಬರೀ ನಯವಾದ ಲೋಹ. ಆಭರಣಕ್ಕೆ ಮೈ ಹೊಂದಿಕೊಳ್ಳಬೇಕಾಗಿಲ್ಲ, ಮೈಗೆ ಆಭರಣ ಹೊಂದಿಕೊಳ್ಳಬೇಕು. ದಿನವಿಡೀ ಚುಚ್ಚುವ ಕೊಂಡಿ, ಒತ್ತುವ ಪಟ್ಟಿ ತೊಟ್ಟು ನಿಂತವಳಿಗಲ್ಲದೆ ಇನ್ನಾರಿಗೆ ಇದು ಗೊತ್ತಾದೀತು? 1971ರಲ್ಲಿ ಅಮೆರಿಕದ ಫ್ಯಾಷನ್ ಲೋಕದ ಪ್ರತಿಷ್ಠಿತ ಕೋಟಿ ಪ್ರಶಸ್ತಿ ಆಕೆಯ ಆಭರಣಗಳಿಗೆ ಸಂದಿತು.

ಗಜದ ಲೆಕ್ಕದ ವಜ್ರ

1974ರಲ್ಲಿ ಟಿಫಾನಿ ಕಂಪನಿಯ ಬಾಗಿಲು ತೆರೆಯಿತು. ಫಿಫ್ತ್ ಅವೆನ್ಯೂನಲ್ಲಿರುವ ಈ ಮಳಿಗೆ ಸಿರಿವಂತರ ವಜ್ರ, ಮಾಣಿಕ್ಯಗಳಿಗೆ ಹೆಸರುವಾಸಿ. ಬೆಳ್ಳಿಯೇನಿದ್ದರೂ ಊಟದ ಮೇಜಿನ ಚಮಚಕ್ಕೆ, ತಟ್ಟೆಗೆ! ಎಲ್ಸಾ ಅಲ್ಲಿಗೆ ಬೆಳ್ಳಿಯ ಒಡವೆ ತಂದಳು. ಹುರುಳಿಕಾಳಿನಂಥ, ಅವರೆಬೀಜದಂಥ ‘ಬೀನ್’. ನಡುವೆ ಬಯಲು ಬಿಟ್ಟ ‘ಓಪನ್ ಹಾರ್ಟ್’ ಹೃದಯ ಬಂದವು. ಶಿಲ್ಪಿ ಹೆನ್ರಿ ಮೂರ್‌ನ ಕೃತಿಗಳಲ್ಲಿ ಕಲ್ಲಿನಷ್ಟೇ ಮುಖ್ಯವಾಗುವ ಖಾಲಿ ಜಾಗವೇ ಆ ಹೃದಯಕ್ಕೆ ಸ್ಫೂರ್ತಿ.

ವಜ್ರವನ್ನೂ ಆಕೆ ಬಿಡಲಿಲ್ಲ. ವಜ್ರವೆಂದರೆ ದೊಡ್ಡದಿರಬೇಕು, ಎತ್ತಿ ಕೂರಿಸಿರಬೇಕು, ತೊಟ್ಟ ಮೇಲೆ ನಾಲ್ಕು ಜನ ನೋಡಬೇಕು ಎನ್ನುವ ಕಾಲ ಅದು. ಎಲ್ಸಾ ಸಣ್ಣ ಸಣ್ಣ ಹರಳುಗಳನ್ನು ಆರಿಸಿಕೊಂಡಳು. ಒಂದೊಂದರ ಸುತ್ತಲೂ ತೆಳುವಾದ ಚಿನ್ನದ ಅಂಚು ಕಟ್ಟಿ, ಎಳೆಯಂಥ ಸರಪಳಿಯಲ್ಲಿ ಅಲ್ಲೊಂದು ಇಲ್ಲೊಂದು ಬಿಡಿಸಿ ಪೋಣಿಸಿದಳು. ಇಟ್ಟ ಹೆಸರು ‘ಡೈಮಂಡ್ಸ್ ಬೈ ದಿ ಯಾರ್ಡ್’, ಅಂದರೆ ಗಜದ ಲೆಕ್ಕದಲ್ಲಿ ವಜ್ರ! ರವಿಕೆ ಬಟ್ಟೆ ಅಳೆದು ಕೊಂಡಂತೆ ವಜ್ರವನ್ನೂ ಕೊಳ್ಳಬಹುದೆಂಬ ತುಂಟತನ ಆ ಹೆಸರಿನಲ್ಲಿದೆ. ಜೀನ್ಸ್ ತೊಟ್ಟ ಹುಡುಗಿಯೂ ಬೆಳಗಿನಿಂದ ಸಂಜೆಯವರೆಗೆ ತೆಗೆಯದೆ ಹಾಕಿಕೊಳ್ಳಬಹುದಾದ ವಜ್ರ ಅದು.

ಇದರ ಹಿಂದೆ ದೊಡ್ಡದೊಂದು ಬದಲಾವಣೆಯೂ ಇತ್ತು. ಅಲ್ಲಿಯವರೆಗೆ ಬೆಲೆಬಾಳುವ ಒಡವೆ ಎಂದರೆ ಗಂಡನೋ ಪ್ರಿಯಕರನೋ ತಂದುಕೊಡುವ ಉಡುಗೊರೆ. 1970ರ ದಶಕದ ಅಮೆರಿಕದಲ್ಲಿ ಹೆಂಗಸರು ಆಫೀಸುಗಳಿಗೆ ಹೋಗಿ ಸಂಬಳ ತರುತ್ತಿದ್ದರು. ತಮ್ಮದೇ ಹಣದಲ್ಲಿ, ಯಾರನ್ನೂ ಕೇಳದೆ, ಯಾರಿಗೂ ಕಾಯದೆ ಕೊಳ್ಳಬಹುದಾದ ಆಭರಣವನ್ನು ಎಲ್ಸಾ ಅವರ ಮುಂದಿಟ್ಟಳು. ಅಪ್ಪನ ಹಣ ನಿಂತ ಮೇಲೆ ಸ್ವಂತ ದುಡಿಮೆಯ ರುಚಿ ಕಂಡವಳು ಆಕೆ.

ಕೋಪ, ಬೇಸರ, ಹಳ್ಳಿ

ಹಾಗೆಂದು ಈಕೆಯ ಬಾಳು ಹೂವಿನ ಹಾಸಿಗೆಯಾಗಿತ್ತೆ? ಖ್ಯಾತಿಯ ಜೊತೆ ರಾತ್ರಿಯಿಡೀ ಪಾರ್ಟಿ, ಅಮಲು ಪದಾರ್ಥ, ಕೆಂಡದಂಥ ಸಿಟ್ಟು ಎಲ್ಲವೂ ಬಂದವು. ಹಾಲ್‌ಸ್ಟನ್‌ನ ಸುಗಂಧಕ್ಕೆ ಆಕೆ ಕಣ್ಣೀರ ಹನಿಯಂಥ ಸೊಗಸಾದ ಸೀಸೆ ರೂಪಿಸಿದ್ದಳು. ಆತ ಅದಕ್ಕೆ ಪ್ರತಿಯಾಗಿ ಬಲು ದುಬಾರಿಯಾದ ತುಪ್ಪಟದ ಕೋಟು ಕೊಟ್ಟಿದ್ದ. ಮುಂದೊಂದು ರಾತ್ರಿ ಅವನ ಮನೆಯಲ್ಲೇ ಇಬ್ಬರಿಗೂ ಜಗಳವಾಗಿ, ಅದೇ ಕೋಟನ್ನು ಎತ್ತಿ ಉರಿಯುವ ಬೆಂಕಿಗೆ ಎಸೆದಳು!

ನ್ಯೂಯಾರ್ಕಿನ ಗದ್ದಲ ಸಾಕೆನಿಸಿದಾಗ ಆಕೆಯನ್ನು ಕಾದದ್ದು ಸ್ಪೇನಿನ ಕ್ಯಾಟಲೋನಿಯದ ಸಾಂತ್ ಮಾರ್ಟಿ ವೆಲ್ ಎಂಬ ಹಳ್ಳಿ. ಪಾಳುಬಿದ್ದಿದ್ದ ಆ ಊರಿನಲ್ಲಿ 1968ರಲ್ಲೇ ಹಳದಿ ಬಣ್ಣದ ಮನೆಯೊಂದನ್ನು ಕೊಂಡಿದ್ದಳು. ಮೊದಮೊದಲು ಅಲ್ಲಿ ಸರಿಯಾದ ಸೌಕರ್ಯವೂ ಇರಲಿಲ್ಲ. ಒಂದೊಂದೇ ಮನೆಯನ್ನು ಕೊಂಡು, ಕಲ್ಲಿನ ಮೇಲೆ ಕಲ್ಲಿಟ್ಟು, ಹಳೆಯ ಚರ್ಚನ್ನೂ ಸರಿಪಡಿಸಿ ಊರಿಗೆ ಮತ್ತೆ ಜೀವ ತುಂಬಿದಳು.

2012ರಲ್ಲಿ ಟಿಫಾನಿ ಆಕೆಯೊಂದಿಗೆ 20 ವರ್ಷಗಳ ಹೊಸ ಒಪ್ಪಂದ ಮಾಡಿಕೊಂಡಿತು. ಅದಕ್ಕೆಂದು ಒಮ್ಮೆಗೇ ತೆತ್ತ ಹಣ 4.7 ಕೋಟಿ ಡಾಲರಿಗೂ ಹೆಚ್ಚು. ಆ ಹೊತ್ತಿಗೆ ಕಂಪನಿಯ ವಹಿವಾಟಿನಲ್ಲಿ ಸುಮಾರು ಹತ್ತರಲ್ಲೊಂದು ಪಾಲು ಎಲ್ಸಾ ರೂಪಿಸಿದ ಒಡವೆಗಳಿಂದಲೇ ಬರುತ್ತಿತ್ತು. ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂ ಕೂಡ ಆಕೆಯ ಕೃತಿಗಳನ್ನು ಸಂಗ್ರಹಿಸಿಟ್ಟುಕೊಂಡಿದೆ.

ತಂದೆಯ ಕತೆ ಏನಾಯಿತು? 1977ರಲ್ಲಿ ಆತ ತೀರಿಕೊಳ್ಳುವುದಕ್ಕೆ ಮುಂಚೆ ಅಪ್ಪ ಮಗಳು ಮತ್ತೆ ಒಂದಾದರು. ಮಗಳಿಗೆ ಆಸ್ತಿಯಲ್ಲಿ ದೊಡ್ಡ ಪಾಲೇ ಬಂತು. ಅಷ್ಟರಲ್ಲಿ ಆಕೆಗೆ ಅದರ ಹಂಗಿರಲಿಲ್ಲ. 2000ದಲ್ಲಿ ಆಕೆ ಧರ್ಮಾರ್ಥ ಸಂಸ್ಥೆಯೊಂದನ್ನು ಕಟ್ಟಿ ಅದಕ್ಕೆ ತಂದೆಯ ಮುದ್ದಿನ ಹೆಸರು ‘ನಾಂಡೊ’ ಇಟ್ಟಳು. ಪರಿಸರ, ಮಾನವ ಹಕ್ಕು, ಆರೋಗ್ಯ, ಶಿಕ್ಷಣವೆಂದು ಅದರ ನೆರವು ಹಲವು ದೇಶಗಳನ್ನು ತಲುಪಿತು.

2021ರ ಮಾರ್ಚ್ 18ರಂದು, ಎಂಬತ್ತರ ವಯಸ್ಸಿನಲ್ಲಿ, ಎಲ್ಸಾ ತನ್ನ ಹಳ್ಳಿಯಲ್ಲೇ ಕಣ್ಮುಚ್ಚಿದಳು. ಹಣ ನಿಲ್ಲಿಸಿ ಮಗಳನ್ನು ದಾರಿಗೆ ತರಬಹುದೆಂದು ಎಣಿಸಿದ್ದ ಅಪ್ಪನ ಹೆಸರನ್ನು ಲೋಕದಲ್ಲಿ ಉಳಿಸಿಹೋದದ್ದು, ದಾರಿ ಬಿಟ್ಟು ನಡೆದ ಅದೇ ಮಗಳು.