ಆಸ್ಪತ್ರೆಯ ಪರಿಶೀಲನೆ: ರೋಗಿಯ ಮಾತಿಗೂ ಅಂಕವುಂಟು

ಊರಿನ ಸಮುದಾಯ ಆರೋಗ್ಯ ಕೇಂದ್ರಕ್ಕೆ ತಪಾಸಣೆಯ ತಂಡ ಬರುವುದೆಂದರೆ, ನೆಲ ತೊಳೆದು ಹೊಸ ಹೊದಿಕೆ ಹಾಸುವ ದಿನವೆಂದೇ ನಾವು ಭಾವಿಸುತ್ತೇವೆ. ಸ್ವಚ್ಛತೆ ಬೇಕೇ ಬೇಕು. ಆದರೆ ಗುಣಮಟ್ಟದ ಪರಿಶೀಲನೆ ಅಷ್ಟಕ್ಕೇ ಮುಗಿಯುವುದಿಲ್ಲ.

ಸರ್ಕಾರಿ ಆಸ್ಪತ್ರೆಗಳಿಗಾಗಿ ರೂಪಿತವಾದ ರಾಷ್ಟ್ರೀಯ ಗುಣಮಟ್ಟ ಖಾತರಿ ಮಾನದಂಡಗಳು 2013ರಿಂದ ಜಾರಿಯಲ್ಲಿವೆ. ಲಭ್ಯವಿರುವ ಸೇವೆ, ರೋಗಿಯ ಹಕ್ಕು, ಚಿಕಿತ್ಸೆ, ಸೋಂಕು ನಿಯಂತ್ರಣ ಮೊದಲಾದ ಎಂಟು ವಿಭಾಗಗಳಲ್ಲಿ ಆಸ್ಪತ್ರೆಯನ್ನು ಅಳೆಯಲಾಗುತ್ತದೆ. ಒಂದೊಂದು ಅಂಶಕ್ಕೂ ಪೂರ್ಣ ಪಾಲನೆಯಿದ್ದರೆ 2, ಭಾಗಶಃ ಇದ್ದರೆ 1, ಇಲ್ಲದಿದ್ದರೆ 0 ಅಂಕ.

ಅಂಕ ನೀಡುವ ಮುನ್ನ ಪರಿಶೀಲಕರು ನಾಲ್ಕು ಮಾರ್ಗಗಳಿಂದ ಸತ್ಯವನ್ನು ಅರಸುತ್ತಾರೆ: ಕಣ್ಣಾರೆ ನೋಡುವುದು, ಸಿಬ್ಬಂದಿಯನ್ನು ವಿಚಾರಿಸುವುದು, ದಾಖಲೆಗಳನ್ನು ಓದುವುದು ಮತ್ತು ರೋಗಿಯನ್ನು ಕೇಳುವುದು. ಈ ನಾಲ್ಕನೆಯದು ನಮ್ಮ ಕೈಯಲ್ಲಿದೆ.

ಹೆರಿಗೆ ವಾರ್ಡನ್ನೇ ತೆಗೆದುಕೊಳ್ಳೋಣ. 2011ರಲ್ಲಿ ಆರಂಭವಾದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಂತೆ ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆ, ಔಷಧ, ಪರೀಕ್ಷೆ, ಊಟ, ವಾಹನ ಎಲ್ಲವೂ ಉಚಿತ. ಔಷಧಾಲಯದ ಪುಸ್ತಕದಲ್ಲಿ ದಾಸ್ತಾನು ಸರಿಯಾಗಿಯೇ ಇರಬಹುದು. ಆದರೆ ಬಾಣಂತಿಯ ಮನೆಯವರು ಹೊರಗಿನ ಅಂಗಡಿಯಿಂದ ಔಷಧ ತಂದದ್ದು ಆ ಪುಸ್ತಕದಲ್ಲಿ ಕಾಣಿಸದು. ಅದನ್ನು ಹೇಳಬಲ್ಲವರು ಅವರೇ.

ಇಂತಹ ಕಡೆಯಲ್ಲಿಯೇ ನಾವು ಎಡವುತ್ತೇವೆ. ವೈದ್ಯರ ಮೇಲಿನ ಗೌರವದಿಂದಲೋ, ನಾಳೆ ಮತ್ತೆ ಅಲ್ಲಿಗೇ ಹೋಗಬೇಕೆಂಬ ಅಳುಕಿನಿಂದಲೋ "ಎಲ್ಲ ಚೆನ್ನಾಗಿದೆ" ಎಂದುಬಿಡುತ್ತೇವೆ. ಆ ಒಂದು ಮಾತಿನಿಂದ ಕೊರತೆ ಮುಚ್ಚಿಹೋಗುತ್ತದೆ. ಮುಂದೆ ಬರುವ ಬಡ ತಾಯಿ ಅದೇ ಅಂಗಡಿಯ ಮುಂದೆ ನಿಲ್ಲುತ್ತಾಳೆ.

ಕೊರತೆಯನ್ನು ಹೇಳುವುದು ಯಾರನ್ನೂ ದೂರುವುದಲ್ಲ. ಕೊರತೆ ತಿಳಿದ ಮೇಲೆ ಅದರ ಕಾರಣವನ್ನು ಹುಡುಕಬೇಕು. ಔಷಧದ ಬೇಡಿಕೆಪಟ್ಟಿ ತಡವಾಗಿ ಹೋಯಿತೇ? ರಾತ್ರಿ ಪಾಳಿಯಲ್ಲಿ ಔಷಧಾಲಯದ ಬೀಗ ತೆರೆಯುವವರಿರಲಿಲ್ಲವೇ? ಕಾರಣಕ್ಕೆ ತಕ್ಕ ಪರಿಹಾರ, ಅದಕ್ಕೊಬ್ಬ ಹೊಣೆಗಾರ, ಒಂದು ಗಡುವು, ಗಡುವಿನ ನಂತರ ಮರುಪರಿಶೀಲನೆ: ಸುಧಾರಣೆಯ ಕ್ರಮ ಇಷ್ಟೇ. ಮರುಪರಿಶೀಲನೆಯನ್ನು ಬಿಟ್ಟರೆ ಉಳಿದ ಶ್ರಮವೂ ಕಡತದಲ್ಲಿಯೇ ಉಳಿಯುತ್ತದೆ.

ಆಸ್ಪತ್ರೆಗೆ ಆರೋಗ್ಯ ರಕ್ಷಾ ಸಮಿತಿ ಇರುವುದು ಇಂತಹ ವಿಷಯಗಳನ್ನು ಚರ್ಚಿಸಿ ನಿರ್ಧರಿಸಲೆಂದೇ. ಅದರಲ್ಲಿರುವ ಊರಿನ ಪ್ರತಿನಿಧಿಗಳನ್ನು ನಾವು ಪರಿಚಯಿಸಿಕೊಳ್ಳಬೇಕು; ಕಂಡದ್ದನ್ನು ದಿನಾಂಕದೊಡನೆ ಬರೆದು ಕೊಡಬೇಕು. ದಾದಿಯರ ಸಂಖ್ಯೆ ಸಾಲದಿದ್ದರೆ, ನೀರು ಬಾರದಿದ್ದರೆ, ಅವರ ಪರವಾಗಿಯೂ ನಾವೇ ದನಿಯೆತ್ತಬೇಕು. ದುಡಿಯುವವರ ಕಷ್ಟವನ್ನು ಅರಿಯದೆ ಸೇವೆಯ ಲೋಪವನ್ನಷ್ಟೇ ಎಣಿಸುವುದು ನ್ಯಾಯವಲ್ಲ. ಒಳ್ಳೆಯ ಆರೈಕೆ ದೊರೆತಾಗ ಅದನ್ನೂ ಹೆಸರು ಹಿಡಿದು ಹೇಳೋಣ.

ಭಕ್ತಬಾಂಧವರೇ, ಮುಂದಿನ ಬಾರಿ ಹಾಸಿಗೆಯ ಬಳಿ ನಿಂತು ಯಾರಾದರೂ "ಹೇಗಿದೆ ಆರೈಕೆ?" ಎಂದು ಕೇಳಿದರೆ, ನಡೆದುದನ್ನು ನಡೆದಂತೆಯೇ ಹೇಳೋಣ. ನಮ್ಮ ನಂತರ ಆ ಹಾಸಿಗೆಗೆ ಬರುವವರಿಗೆ ಅದು ನಾವು ಸಲ್ಲಿಸುವ ಸೇವೆ.